ತುಳಸಾಬಾಯಿ ಕಳೆದುಕೊಂಡ ಎರಡು ವರ್ಷ

ಹೆಡ್‌ಮಿಸ್ಟ್ರೆಸ್ ಗಿರಿಜಾಂಬ ಮೇಡಂ ಸ್ಕೂಲಿಗೆ ಹೊರಟು ನಮ್ಮ ಪೇಟೆ ಬೀದಿಯನ್ನು ಹಾದುಹೋಗುತ್ತಿದ್ದರು. ಲೇಡೀಸ್ ಟೈಲರ್ ತುಳಸಾಬಾಯಿ ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದವಳು ಅವರನ್ನು ಕಂಡು ನಮಸ್ಕಾರ ಹೇಳಲು ಬಾಯಿ ತೆರೆದಳು. ಹೊರಬಿದ್ದದ್ದು ನಮಸ್ಕಾರವಲ್ಲ. "ಎದೆ ನಲವತ್ನಾಲ್ಕು, ತೋಳು ಹದಿನೈದು, ಕತ್ತು ಜಾಸ್ತಿ ಇಳಿಸಬಾರದು" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. ಮೇಡಂ ಕೈಯಲ್ಲಿದ್ದ ಛತ್ರಿ ಕೆಳಗೆ ಬಿತ್ತು. ಗಾಬರಿಗೊಂಡ ತುಳಸಾಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ "ಹೋದ ವರ್ಷಕ್ಕಿಂತ ಎರಡಿಂಚು ಹೆಚ್ಚು" ಎನ್ನುವುದೂ ಜಾರಿ ಬಂತು.

ಅವಳಿಗೆ ತಲೆ ಕೆಟ್ಟಿದೆ ಎಂದು ಯಾರೂ ಅಂದುಕೊಳ್ಳಲಿಲ್ಲ. ಕಂಪ್ಯೂಟರಿಗೆ ಏನೋ ತಗುಲಿದೆ ಎಂದು ಎಲ್ಲರಿಗೂ ಗೊತ್ತಾಯಿತು. ನಮ್ಮೂರಲ್ಲಿ ಅಂಗಡಿಯ ಕಂಪ್ಯೂಟರಿಗೆ ಏನಾದರೆ ಅಂಗಡಿಯವರಿಗೂ ಅದೇ ಆಗುತ್ತದೆ. ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ಕರೆಂಟು ಹೋದರೆ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತೇವೆ, ಬಂದರೆ ಏಳುತ್ತೇವೆ. ಅಪ್‌ಡೇಟ್ ಇದ್ದ ದಿನ ಬಾಗಿಲಿಗೆ "ಊಟವಾದ ಮೇಲೆ ಬನ್ನಿ" ಎಂದು ಬೋರ್ಡು ತಗುಲಿಸಿ ಚಾಪೆ ಹಾಸುತ್ತೇವೆ. ಬೇಕರಿ ಅಣ್ಣೇಗೌಡರ ಕಂಪ್ಯೂಟರು ಬಹಳ ಹಳೆಯದು, ಆಗಾಗ ಹ್ಯಾಂಗ್ ಆಗುತ್ತದೆ. ಆಗ ಗೌಡರು ಬನ್ನು ಹಿಡಿದ ಕೈಯನ್ನು ಮುಂದೆ ಚಾಚಿ ಹಾಗೇ ನಿಂತುಬಿಡುತ್ತಾರೆ. ಗಿರಾಕಿಗಳು ಬನ್ನು ತೆಗೆದುಕೊಂಡು, ಚಿಲ್ಲರೆಯನ್ನು ಅದೇ ಅಂಗೈಯಲ್ಲಿಟ್ಟು ಹೋಗುತ್ತಾರೆ. ಹೆಣ್ಣು ಕೊಡುವವರು ಕೂಡ ಹುಡುಗನ ಗುಣಕ್ಕಿಂತ ಮೊದಲು ಅವನ ಅಂಗಡಿಯ ಕಂಪ್ಯೂಟರು ಯಾವ ವರ್ಷದ್ದು ಎಂದು ವಿಚಾರಿಸುತ್ತಾರೆ.

ತುಳಸಾಬಾಯಿಯ ಅಂಗಡಿಯ ಪಕ್ಕದ್ದೇ ನನ್ನ ಕಾಫಿಪುಡಿ ಅಂಗಡಿ. ಬೇರೆ ಯಾವ ಕಾಲದಲ್ಲಾದರೂ ಆಗಿದ್ದರೆ ಅವಳ ಕೂಗು ಕೇಳಿದ ಕೂಡಲೇ ನಾನು ಹುರಿಯುತ್ತಿದ್ದ ಬೀಜವನ್ನು ಬಿಟ್ಟು ಓಡಿಹೋಗುತ್ತಿದ್ದೆ. ಆವತ್ತು ಓಡಲಿಲ್ಲ. ಕಾರಣ, ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷ ಆಗುತ್ತ ಬಂದಿತ್ತು. ಅದಕ್ಕಿಂತ ಮುಂಚೆ ನಮ್ಮದು ಹೆಣ್ಣುಮಕ್ಕಳೆಲ್ಲ ಹೊಟ್ಟೆಕಿಚ್ಚು ಪಡುವಂಥ ಸ್ನೇಹ. ದಿನಾ ಬೆಳಿಗ್ಗೆ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಅವಳು ಲೋಟ ಹಿಡಿದುಕೊಂಡು ಬರುತ್ತಿದ್ದಳು, ನಾನು ಹೊಸ ಪುಡಿಯಲ್ಲಿ ಡಿಕಾಕ್ಷನ್ ಇಳಿಸುತ್ತಿದ್ದೆ. ನನ್ನ ಮಗಳ ಮದುವೆಯಲ್ಲಿ ಅದು ಕೆಟ್ಟಿತು. ನನ್ನ ಮುಹೂರ್ತದ ಬ್ಲೌಸು ಹೊಲಿದವಳು ಅವಳೇ. ಹಾಕಿಕೊಂಡರೆ ಕೈ ಮೇಲಕ್ಕೆ ಎತ್ತಲು ಆಗುತ್ತಿಲ್ಲ, ಅಕ್ಷತೆ ಹಾಕಲು ಕೂಡ ಮೊಣಕೈವರೆಗೆ ಮಾತ್ರ ಚಲನೆ. "ಬಿಗಿ ಆಯ್ತಲ್ಲೇ" ಎಂದೆ. ಬೀಗಿತ್ತಿಯೂ ಅವರ ಮೂರು ಜನ ಓರಗಿತ್ತಿಯರೂ ನಿಂತಿರುವ ಹಾಗೇ ಅವಳು, "ಬ್ಲೌಸು ಸರಿಯಾಗೇ ಇದೆ, ನೀನೇ ಊದಿದೀಯ" ಎಂದಳು. ಬೀಗಿತ್ತಿ ನಕ್ಕರು. ಸುಡುಬಿಸಿಲಿನಲ್ಲಿ ಶಾಲು ಹೊದ್ದುಕೊಂಡು ಮಗಳನ್ನು ಧಾರೆ ಎರೆದುಕೊಟ್ಟೆ.

ಆಮೇಲೆ ನಾನು ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಮಾತು ಬಿಟ್ಟೆ. ಅವಳೂ ಬಿಟ್ಟಳು. ಪೇಟೆಯವರೆಲ್ಲ ಸೇರಿ ಒಂದೇ ವೈಫೈ ಹಾಕಿಸಿಕೊಂಡಿದ್ದೆವು. ಅವಳ ಅಂಗಡಿಯಿಂದ ಬರುವ ವೈರಿನಲ್ಲಿ ನನ್ನ ವ್ಯಾಪಾರ ನಡೆಯುವುದು ಬೇಡ ಎಂದು ಹಟಕ್ಕೆ ಬಿದ್ದು ಬೇರೆ ಲೈನು ಎಳೆಸಿಕೊಂಡೆ. ಎಲ್ಲರೂ ನನ್ನನ್ನು ಜಿಪುಣಿ, ಸಿಡುಕಿ, ಒಂಟಿ ಜೀವ ಎಂದರು. ಅನ್ನಲಿ ಎಂದು ಸುಮ್ಮನಿದ್ದೆ.

ಗಿರಿಜಾಂಬ ಮೇಡಂ ಅಳುತ್ತ ಸ್ಕೂಲಿಗೆ ಹೋದರು. ಮಧ್ಯಾಹ್ನ ಆಗುವಷ್ಟರಲ್ಲಿ ಕಾಯಿಲೆ ಬೀದಿಗೆಲ್ಲ ಹರಡಿತು. ಅಣ್ಣೇಗೌಡರು ಗಿರಾಕಿಗೆ ಬಿಸ್ಕತ್ತು ಕಟ್ಟಿಕೊಡುತ್ತ, "ಬೆಣ್ಣೆ ಬಿಸ್ಕತ್ತು ಅಂತ ಹೆಸರು, ಬೆಣ್ಣೆ ಇದರ ಹತ್ರಾನೂ ಸುಳಿದಿಲ್ಲ" ಎಂದರು. ಮೆಡಿಕಲ್ ಸ್ಟೋರಿನ ಧನಪಾಲ ಶೆಟ್ಟರು ಸಂಭಾವಿತ ಮನುಷ್ಯ, ತಲೆ ಎತ್ತಿ ಮಾತಾಡಿದವರಲ್ಲ. ಅವರು ಅಂಗಡಿಯ ಕಟ್ಟೆಯ ಮೇಲೆ ನಿಂತು, ಹೋಗಿಬರುವವರಲ್ಲಿ ಯಾರು ಮೂಲವ್ಯಾಧಿಗೆ ಮುಲಾಮು ಒಯ್ಯುತ್ತಾರೆ, ಯಾರು ಅಳಿಯನ ಹೆಸರು ಹೇಳಿ ಕೂದಲಿನ ಬಣ್ಣ ಒಯ್ಯುತ್ತಾರೆ ಎಂದು ಸಾರತೊಡಗಿದರು. ಜನ ಶೆಟ್ಟರ ಅಂಗಡಿ ದಾಟುವಾಗ ಓಡುತ್ತಿದ್ದರು. ಓಡುವವರಿಗೆ ಮಂಡಿನೋವಿನ ಎಣ್ಣೆ ಯಾವುದೆಂದೂ ಹಿಂದಿನಿಂದ ಕೇಳುತ್ತಿತ್ತು.

ಡಾಕ್ಟರ್ ನಸೀಮಾ ಬಂದರು. ನಮ್ಮೂರಲ್ಲಿ ಮನುಷ್ಯರಿಗೂ ಕಂಪ್ಯೂಟರಿಗೂ ಒಬ್ಬರೇ ಡಾಕ್ಟರು. ಸ್ಟೆತಾಸ್ಕೋಪನ್ನು ಮೊದಲು ತುಳಸಾಬಾಯಿಯ ಎದೆಗೆ ಇಟ್ಟರು, ಆಮೇಲೆ ಕಂಪ್ಯೂಟರಿನ ಡಬ್ಬಕ್ಕೆ ಇಟ್ಟರು, ಕೊನೆಗೆ ತುಳಸಾಬಾಯಿಯ ಗಂಡ ವಿಠೋಬರಾಯರ ಮುಖ ನೋಡಿದರು. ರಾಯರು ಟೇಪು ಸುತ್ತುವ, ಗುಂಡಿ ಹಚ್ಚುವ ಕೆಲಸ ಮಾಡಿಕೊಂಡು ಅಂಗಡಿಯಲ್ಲೇ ಇರುತ್ತಿದ್ದ ಸಾಧು ಪ್ರಾಣಿ.

"ರಾಯರೇ, ಏನು ಒತ್ತಿದ್ರಿ?"

"ನಾನೇನೂ ಒತ್ತಿಲ್ಲ ಡಾಕ್ಟರಮ್ಮ."

"ರಾಯರೇ."

"ಒಂದೇ ಒಂದು ಸಲ ಒತ್ತಿದೆ. ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸಿಗ್ತಿಲ್ಲ, ಇಲ್ಲಿ ಒತ್ತಿ ಅಂತ ಇತ್ತು."

"ಏನು ತರಿಸಿದ್ರಿ?"

"ಏನೂ ತರಿಸಿರಲಿಲ್ಲ. ಅದಕ್ಕೇ ಒತ್ತಿದ್ದು. ತರಿಸದೇ ಇದ್ರೂ ಬರ್ತಿದೆ ಅಂದ್ರೆ ಯಾರೋ ಪ್ರೀತಿಯಿಂದ ಕಳಿಸಿರ್ಬೇಕು ಅನ್ನಿಸ್ತು."

"ಪಾಸ್‌ವರ್ಡ್ ಕೇಳ್ತಾ?"

"ಕೇಳ್ತು. ಬಹಳ ಮರ್ಯಾದೆಯಿಂದ ಕೇಳ್ತು. ಹಾಗೆ ಕೇಳಿದವರಿಗೆ ಇಲ್ಲ ಅನ್ನೋದು ಹೇಗೆ?"

ಪಾಸ್‌ವರ್ಡು ತುಳಸಿ ಒಂದು ಎರಡು ಮೂರು. ಹಾಗೆ ನೋಡಿದರೆ ಅದನ್ನು ಕೇಳುವ ಅಗತ್ಯವೂ ಇರಲಿಲ್ಲ. ಪೇಟೆಯ ವೈಫೈ ಪಾಸ್‌ವರ್ಡನ್ನಂತೂ ಅಣ್ಣೇಗೌಡರು ಉಪಕಾರವಾಗಲಿ ಎಂದು ಬೇಕರಿಯ ಗೋಡೆಯ ಮೇಲೆ "ಇಲ್ಲಿ ಸೈಕಲ್ ನಿಲ್ಲಿಸಬಾರದು" ಎನ್ನುವುದರ ಕೆಳಗೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಡಾಕ್ಟರಮ್ಮ ಗೋಡೆಯನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು, ತೆರೆದರು. ಬೀದಿಯ ವೈರನ್ನು ಅಂಗಡಿ ಅಂಗಡಿಗೂ ಕತ್ತರಿಸುತ್ತ ಬಂದರು. ಗೌಡರಿಗೂ ಶೆಟ್ಟರಿಗೂ ಆಗಿದ್ದು ನೆಗಡಿಯಷ್ಟೇ, ಔಷಧಕ್ಕೆ ಬಗ್ಗುತ್ತದೆ. ತುಳಸಾಬಾಯಿಗೆ ಆಗಿದ್ದು ಬೇರಿನವರೆಗೆ ಇಳಿದಿದೆ ಎಂದರು. ಕತ್ತರಿಸುತ್ತ ನನ್ನ ಅಂಗಡಿಗೆ ಬಂದು ನಿಂತರು.

"ಇವರಿಗೆ ಮಾತ್ರ ಯಾಕೆ ತಗುಲಿಲ್ಲ?"

ಎಲ್ಲರಿಗೂ ಕಾರಣ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು. ಶೆಟ್ಟರಿಗೆ ಸುಮ್ಮನಿರಲು ಆಗಲಿಲ್ಲ. "ಮಗಳ ಮದುವೆ ಆದ ವಾರದಿಂದ ತಲೆನೋವಿನ ಮಾತ್ರೆ ತಗೋತಾ ಇದಾರೆ" ಎಂದು ಹೇಳಿ, ನನ್ನ ಕಡೆ ನೋಡಿ ಕೈ ಮುಗಿದರು. ಡಾಕ್ಟರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಬೇರೆ ಲೈನನ್ನು ತೋರಿಸಿ, "ನೋಡ್ರಿ, ದೂರಾಲೋಚನೆ ಅಂದ್ರೆ ಇದು. ಎಲ್ಲಾ ಅಂಗಡಿಗಳೂ ಒಂದೇ ವೈರಿಗೆ ನೇತಾಡ್ಕೊಂಡಿರಬಾರದು ಅಂತ ಎಷ್ಟು ಸಲ ಹೇಳಿದೀನಿ? ಸರ್ವಮಂಗಳಮ್ಮನವರೊಬ್ಬರಿಗೆ ಅರ್ಥವಾಗಿದೆ" ಎಂದರು.

ನಾನು ಇಲ್ಲವೆನ್ನಲಿಲ್ಲ. ಅಂದಿನಿಂದ ಊರಿಗೆಲ್ಲ ನಾನು ದೂರಾಲೋಚನೆಯವಳಾದೆ. ಕಾಫಿಪುಡಿಗೆ ಬಂದವರು ಫೋನು ಚಾಚಿ, "ಮಂಗಳಕ್ಕಾ, ಫ್ರಿಜ್ ಗೆದ್ದಿದೀರಿ ಅಂತ ಬಂದಿದೆ, ಒತ್ಲಾ?" ಎಂದು ಕೇಳುತ್ತಿದ್ದರು. ನನಗೆ ಏನೂ ತಿಳಿಯುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ "ಬೇಡ" ಎನ್ನುತ್ತಿದ್ದೆ. ಬಹುತೇಕ ಅದೇ ಸರಿಯಾದ ಉತ್ತರವಾಗಿರುತ್ತಿತ್ತು.

ಒಳಗೊಳಗೆ ನನಗೆ ಬೇರೆಯೇ ಭಯ. ನನ್ನ ಅಳತೆಯೂ ತುಳಸಾಬಾಯಿಯ ಕಂಪ್ಯೂಟರಿನಲ್ಲಿತ್ತು. ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು, ಬೀಗಿತ್ತಿ ನಕ್ಕಿದ್ದು ಸಾಲದೆಂದು ಇಡೀ ಪೇಟೆ ನಗುತ್ತದೆ. ಹಿಂದಿನ ಗಲ್ಲಿಯಿಂದ ಸುತ್ತಿಬಳಸಿ ಅಂಗಡಿಗೆ ಬಂದೆ. ಬಾಗಿಲಿಗೆ ಗೋಣಿಯ ಪರದೆ ಕಟ್ಟಿದೆ. ಗಿರಾಕಿಗಳಿಗೆ ಪರದೆಯ ಸಂದಿಯಿಂದ ಪುಡಿ ಕೊಟ್ಟೆ. ಅದೂ ಏನೋ ಭದ್ರತೆಯ ಕ್ರಮವೆಂದು ತಿಳಿದು ಶೆಟ್ಟರು ತಮ್ಮ ಅಂಗಡಿಗೂ ಒಂದು ಗೋಣಿ ಕಟ್ಟಿಸಿದರು. ಹೀಗೆ ಕೆಲವು ದಿನ ತಪ್ಪಿಸಿಕೊಂಡವಳು, ಒಂದು ಬೆಳಿಗ್ಗೆ ಗಲ್ಲಿಯ ತಿರುವಿನಲ್ಲಿ ಅವಳಿಗೆ ಎದುರಾಗಿಬಿಟ್ಟೆ. ಜನರಿಗೆ ತೊಂದರೆಯಾಗಬಾರದು ಎಂದು ಅವಳೂ ಪಾಪ ಬಾಯಿಗೆ ಟವೆಲು ಕಟ್ಟಿಕೊಂಡು ಹಿಂದಿನ ಗಲ್ಲಿಯಲ್ಲೇ ಓಡಾಡುತ್ತಿದ್ದಳು. ನನ್ನನ್ನು ಕಂಡು ಗೋಡೆಯ ಕಡೆ ತಿರುಗಿಕೊಂಡಳು. ಆದರೂ ಟವೆಲಿನೊಳಗಿಂದ ಬಂತು: "ಎದೆ ನಲವತ್ತು, ತೋಳು ಹದಿನಾಲ್ಕು, ಮುಹೂರ್ತದ್ದು, ಜರಿ ಅಂಚು."

ಗಲ್ಲಿಯಲ್ಲಿ ಸೊಪ್ಪಿನವಳಿದ್ದಳು, ಹಾಲಿನವನಿದ್ದ, ಗಿರಿಜಾಂಬ ಮೇಡಂ ಕೂಡ ಇದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಸೊಪ್ಪಿನವಳು ಮೇಡಂ ಜೊತೆ ದಂಟಿನ ಕಟ್ಟು ಸಣ್ಣದಾಯಿತೋ ದೊಡ್ಡದಾಯಿತೋ ಎಂದು ವಾದಿಸುತ್ತಲೇ ಇದ್ದಳು. ಅಷ್ಟು ಹೊತ್ತಿಗೆ ಊರಿನ ಅರ್ಧ ಹೆಂಗಸರ ಅಳತೆ ಊರಿನ ಕಿವಿಗೆ ಬಿದ್ದು ಹಳೆಯದಾಗಿತ್ತು. ನನ್ನದನ್ನು ಕೇಳಿಸಿಕೊಳ್ಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಒಂದಿಷ್ಟು ಅವಮಾನವೇ ಆಯಿತು ಎನ್ನಬೇಕು.

ಆಮೇಲೆ ಒಂದು ದಿನ ಸಂಜೆ ಅವಳ ಬಾಯಿಂದ ಬೇರೆ ಧ್ವನಿ ಬಂತು, ವೈರು ಕತ್ತರಿಸುವ ಮೊದಲೇ ಕಳ್ಳ ಕಂಪ್ಯೂಟರಿನೊಳಗೆ ತುಂಬಿಟ್ಟದ್ದಿರಬೇಕು. ಗಂಡಸಿನ ಧ್ವನಿ, ತುಂಬ ಸೌಮ್ಯ, ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವವರ ಹಾಗೆ. "ಮಾನ್ಯ ನಾಗರಿಕರೇ, ಗಮನವಿಟ್ಟು ಕೇಳಿ. ನಾನು ತಿಳಿಸುವ ಮೊತ್ತ ನಾನು ತಿಳಿಸುವ ಕಡೆಗೆ ತಲುಪದಿದ್ದಲ್ಲಿ, ಬರುವ ಶುಕ್ರವಾರದಂದು ಈ ಊರಿನ ಸಮಸ್ತ ಮಹಿಳೆಯರ ಸೊಂಟದ ಅಳತೆಗಳನ್ನು ಅಕಾರಾದಿಯಾಗಿ ಪ್ರಕಟಿಸಲಾಗುವುದು. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." ಹೇಳಿ ಮುಗಿದ ಮೇಲೆ ತುಳಸಾಬಾಯಿ ತನ್ನ ಗಂಟಲನ್ನು ತಾನೇ ಹಿಡಿದುಕೊಂಡು ಅತ್ತಳು.

ಬೇಕರಿಯ ಮುಂದೆ ಸಭೆ ಸೇರಿತು. ಅಕ್ಕಿ ಗಿರಣಿಯ ಅಶ್ವತ್ಥಮ್ಮ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದರು. "ಅಕಾರಾದಿ ಅಂದ್ರೆ ನಾನೇ ಮೊದ್ಲು! ಎದೆ ಅಳತೆ ಹೋದ್ರೆ ಹೋಗ್ಲಿ, ಸೊಂಟದ್ದು ನಮ್ಮ ಯಜಮಾನರಿಗೂ ಗೊತ್ತಿಲ್ಲ. ಕೊಟ್ಟು ಕಳಿಸ್ರಪ್ಪ ಅವನ ಮುಖಕ್ಕೆ" ಎಂದರು. ಹಾಲಪ್ಪನ ಮಗಳು ಹೇಮಾವತಿ, ತನ್ನ ಸರದಿ ಬರುವಷ್ಟರಲ್ಲಿ ಜನರಿಗೆ ಬೇಜಾರು ಬಂದಿರುತ್ತದೆ, ಕೊಡುವುದು ಬೇಡ ಎಂದಳು. ಅಣ್ಣೇಗೌಡರು ಚೌಕಾಶಿ ಮಾಡೋಣ, ಎದೆಗೆ ಇಷ್ಟು ಸೊಂಟಕ್ಕೆ ಇಷ್ಟು ಎಂದು ಬೇರೆ ಬೇರೆ ಮಾಡಿ ಕೇಳೋಣ ಎಂದು ಹೇಳಿ ಎಲ್ಲರಿಂದ ಬೈಸಿಕೊಂಡರು.

"ಒಂದು ಸಲ ಕೊಟ್ರೆ ಇನ್ನೊಂದು ಸಲ ಕೇಳ್ತಾನೆ" ಎಂದರು ಡಾಕ್ಟರಮ್ಮ. "ಅವನು ಕದ್ದಿದ್ದು ಅವನ ಹತ್ರಾನೇ ಇರುತ್ತೆ. ಅವನ ಊರಲ್ಲಿ ಅಶ್ವತ್ಥಮ್ಮನವರ ಸೊಂಟ ಕಟ್ಕೊಂಡು ಯಾರಿಗೇನಾಗ್ಬೇಕು? ಇಲ್ಲಿ ಕೂಗಿದ್ರೆ ತಾನೆ ಅದಕ್ಕೆ ಬೆಲೆ? ಇಲ್ಲಿ ಕೂಗೋಕೆ ಅವನಿಗೆ ತುಳಸಾಬಾಯಿ ಬಾಯಿ ಬೇಕು. ಕಂಪ್ಯೂಟರನ್ನ ಪೂರ್ತಿ ಅಳಿಸಿ ಬ್ಯಾಕಪ್ಪಿನಿಂದ ಮತ್ತೆ ತುಂಬಿಸಿದ್ರೆ ಆ ಬಾಯಿ ಮುಚ್ಚುತ್ತೆ. ಬ್ಯಾಕಪ್ ತನ್ನಿ."

ವಿಠೋಬರಾಯರು ದೇವರ ಮನೆಯಿಂದ ಪೆನ್‌ಡ್ರೈವು ತಂದರು. ನಮ್ಮೂರಲ್ಲಿ ಬ್ಯಾಕಪ್ ತೆಗೆಯುವುದು ಆಯುಧಪೂಜೆಯ ದಿನ. ಕಂಪ್ಯೂಟರಿಗೆ ಹೂ ಹಾಕಿ, ಬ್ಯಾಕಪ್ ತೆಗೆದು, ಬೂದುಗುಂಬಳ ಒಡೆಯುತ್ತೇವೆ. ಪೆನ್‌ಡ್ರೈವಿನ ಬಾಯಿಯಲ್ಲಿ ಅರಿಶಿನ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಡಾಕ್ಟರಮ್ಮ ಅದನ್ನು ಹೇರ್‌ಪಿನ್ನಿನಿಂದ ಕೆರೆದು ತೆಗೆದು ನೋಡಿದರು. ಕೊನೆಯ ಬ್ಯಾಕಪ್ಪು ಎರಡು ವರ್ಷಕ್ಕೂ ಹಿಂದಿನದು. ಆಮೇಲಿನ ಹಬ್ಬಗಳಲ್ಲಿ ಅದು ಕಂಪ್ಯೂಟರಿನೊಳಗೆ ಹೋಗದೆ ಇದ್ದುದರಿಂದ ರಾಯರು ಬರೀ ಪೂಜೆ ಮಾಡಿ ಒಳಗಿಟ್ಟಿದ್ದರು.

"ಹಾಗಾದ್ರೆ ಇವರು ಎರಡು ವರ್ಷದ ಹಿಂದಿನ ತುಳಸಾಬಾಯಿ ಆಗಿ ಏಳ್ತಾರೆ" ಎಂದರು ಡಾಕ್ಟರಮ್ಮ. "ನಡುವೆ ಆಗಿದ್ದು ಯಾವುದೂ ಇರಲ್ಲ."

ನಡುವೆ ಆಗಿದ್ದರಲ್ಲಿ ದೊಡ್ಡದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಮಗಳು ರೋಹಿಣಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತ್ತು, ಇಳಾ ಎಂದು ಹೆಸರು. ಬಾಣಂತನ ಮಾಡಿದ್ದು ತುಳಸಾಬಾಯಿಯೇ. ರಾಯರು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಬೇಡ, ದುಡ್ಡೇ ಕೊಟ್ಬಿಡೋಣ, ಅಂಗಡಿ ಮಾರ್ತೀನಿ" ಎಂದರು. ಡಾಕ್ಟರಮ್ಮ, ಅವರನ್ನೇ ಕೇಳೋಣ ಎಂದು ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಹಾಕಿದರು. ಸೇಫ್ ಮೋಡಿನಲ್ಲಿ ಮನುಷ್ಯರು ಮೆಲ್ಲಗೆ, ಬೇಕಾದ ಮಾತನ್ನಷ್ಟೇ ಆಡುತ್ತಾರೆ. ಕೆಲವರನ್ನು ಮನೆಯವರು ಬೇಕೆಂದೇ ಅದರಲ್ಲಿ ಇಟ್ಟಿರುವುದುಂಟು. ತುಳಸಾಬಾಯಿ ಟವೆಲು ಬಿಚ್ಚಿದಳು. ಸುತ್ತ ನಿಂತ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ನಂಬಿ ಅಳತೆ ಕೊಟ್ರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ಕಾಯ್ಬೇಕಿತ್ತು" ಎಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅಳಿಸಿ" ಎಂದಳು.

"ಇಳಾ?" ಎಂದರು ರಾಯರು.

"ಮಗು ಎಲ್ಲೂ ಹೋಗಲ್ಲ. ಇನ್ನೊಂದ್ಸಲ ನೋಡ್ತೀನಿ."

ಗುಂಪಿನ ಹಿಂದೆ ನಿಂತಿದ್ದ ನನಗೆ ಆಗ ಹೊಳೆದದ್ದು ಬೇರೆ. ಅವಳು ಎರಡು ವರ್ಷ ಹಿಂದೆ ಹೋದರೆ ನಮ್ಮ ಜಗಳವೂ ಹೋಗುತ್ತದೆ. ಅಂದರೆ ಅವಳ ಕಡೆಯದು ಹೋಗುತ್ತದೆ, ನನ್ನ ಕಡೆಯದು ಇರುತ್ತದೆ. ಇನ್ನೊಂದು ಕಡೆಯೇ ಇಲ್ಲದ ಜಗಳವನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಮಾರನೆಯ ದಿನ ಪೇಟೆ ತೆರೆದು ಗಿರಾಕಿಗಳ ಗದ್ದಲ ಇಳಿದ ಹೊತ್ತಿಗೆ ಗೋಣಿಯ ಪರದೆ ಸರಿಯಿತು. ತುಳಸಾಬಾಯಿ ಲೋಟ ಹಿಡಿದುಕೊಂಡು ಒಳಗೆ ಬಂದಳು. "ಇದೇನೇ ಇದು, ಬಾಗಿಲಿಗೆ ಗೋಣಿ" ಎನ್ನುವವಳ ಹಾಗೆ ಪರದೆಯನ್ನು ಮೂಗಿಗೆ ಹಿಡಿದು ನೋಡಿ, ಮುಖ ಸಿಂಡರಿಸಿ, ತನ್ನ ಹಳೆಯ ಜಾಗದಲ್ಲಿ ಕೂತಳು. "ಕೊಡು ಕಾಫಿ. ಏನೋ ದೊಡ್ಡ ಕಾಯಿಲೆ ಆಗಿತ್ತಂತೆ ನನಗೆ. ಎಲ್ರೂ ನನ್ನ ಮುಖಾನೇ ನೋಡ್ತಾರೆ. ಅಶ್ವತ್ಥಮ್ಮ ಅಂತೂ ಕಾಲಿಗೇ ಬಿದ್ಲು." ಡಿಕಾಕ್ಷನ್ ಇಳಿಸಿದೆ. ಅವಳು ಒಂದು ಗುಟುಕು ಕುಡಿದು, "ಚಿಕೋರಿ ಹೆಚ್ಚು ಮಾಡಿದೀಯ" ಎಂದಳು. ಮಾಡಿದ್ದೆ. ಎರಡು ವರ್ಷದಲ್ಲಿ ಬೇರೆ ಯಾರೂ ಅದನ್ನು ಕಂಡುಹಿಡಿದಿರಲಿಲ್ಲ.

ಹೀಗೆ ದಿನಾ ಬಂದಳು. ಪೇಟೆಯಲ್ಲಿ ಆ ದಿನಗಳಲ್ಲಿ ಡಾಕ್ಟರಮ್ಮನ ರಾಜ್ಯಭಾರ. ಅಂಗಡಿ ಅಂಗಡಿಗೂ ಬೇರೆ ಲೈನು ಎಳೆಸಿದರು. "ವೈರಿನಲ್ಲಿ ಮಾತ್ರ ಎಲ್ಲರೂ ಜಗಳ ಆಡಿದ ಹಾಗೆ ಇರ್ಬೇಕು" ಎಂದು ಹೇಳಿದಾಗ ಶೆಟ್ಟರು ನನ್ನನ್ನು ನೋಡಿ ಕೆಮ್ಮಿದರು. ಬೇಕರಿಯ ಗೋಡೆಗೆ ಸುಣ್ಣ ಹೊಡೆಸಿದರು. ಬ್ಯಾಕಪ್ಪನ್ನು ಹಬ್ಬಕ್ಕೆ ಕಾಯದೆ ವಾರವಾರ ತೆಗೆಯಬೇಕು, ಒಂದನ್ನು ಅಂಗಡಿಯಲ್ಲೂ ಒಂದನ್ನು ಬೇರೆಯವರ ಮನೆಯಲ್ಲೂ ಇಡಬೇಕು, ಯಾವುದಕ್ಕೂ ಕುಂಕುಮ ಹಚ್ಚಬಾರದು ಎಂದು ಕಟ್ಟುನಿಟ್ಟು ಮಾಡಿದರು. ವಿಠೋಬರಾಯರಿಗೆ ಮಾತ್ರ ಪ್ರತ್ಯೇಕ ಆಜ್ಞೆ: ಏನನ್ನೇ ಒತ್ತಬೇಕಾದರೂ ಮೊದಲು ಇಬ್ಬರನ್ನು ಕೇಳಬೇಕು. ರಾಯರು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಮನೆಯ ಕರೆಗಂಟೆ ಒತ್ತುವುದಕ್ಕೂ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳತೊಡಗಿದರು. ಊರಿನ ಹೆಂಗಸರು ತಂಡೋಪತಂಡವಾಗಿ ಬಂದು, ಕಂಪ್ಯೂಟರಿನಲ್ಲಿರುವ ಹಳೆಯ ಅಳತೆಯೇ ಸರಿಯಾಗಿದೆ, ಹೊಸದಾಗಿ ಟೇಪು ಹಿಡಿಯುವುದು ಬೇಡ ಎಂದು ಹೇಳಿ ಬಟ್ಟೆ ಕೊಟ್ಟುಹೋದರು. ಎಲ್ಲರೂ ಎರಡು ವರ್ಷ ತೆಳ್ಳಗಾದರು.

ನಾನೊಬ್ಬಳು ನೆಮ್ಮದಿಯಿಲ್ಲದೆ ಇದ್ದೆ. ಅವಳು ನಗುನಗುತ್ತ ಕಾಫಿ ಕುಡಿಯುವಾಗೆಲ್ಲ ನನಗೆ ಆ ಬ್ಲೌಸು ಮತ್ತೆ ಬಿಗಿದ ಹಾಗಾಗುತ್ತಿತ್ತು. ಒಂದು ದಿನ ಅವಳು ಲೋಟ ಕೆಳಗಿಟ್ಟು, "ಅಲ್ಲ ಕಣೇ, ಮಗಳಿಗೆ ಗಂಡು ಗೊತ್ತಾಯ್ತು ಅಂದಿದ್ಯಲ್ಲ, ಮುಹೂರ್ತ ಯಾವಾಗ? ನಿನ್ನ ಬ್ಲೌಸು ನಾನೇ ಹೊಲಿಯೋದು, ಈಗ್ಲೇ ಹೇಳಿದೀನಿ. ಜರಿ ಅಂಚು ಹಾಕಿ ಹೇಗೆ ಹೊಲೀತೀನಿ ನೋಡು, ಬೀಗಿತ್ತಿ ಕಣ್ಣು ಬಿಡ್ಬೇಕು" ಎಂದಳು.

ಇನ್ನು ತಡೆಯಲು ಆಗಲಿಲ್ಲ. "ಮದುವೆ ಮುಗಿದು ಎರಡು ವರ್ಷ ಆಯ್ತು" ಎಂದೆ.

ಅವಳ ಮುಖ ಸಣ್ಣದಾಯಿತು. "ನನ್ನ ಕರೀಲಿಲ್ವಾ?"

"ಕರೆದಿದ್ದೆ. ನೀನೂ ಬಂದಿದ್ದೆ. ಬ್ಲೌಸು ನೀನೇ ಹೊಲಿದಿದ್ದೆ."

"ಹೇಗಿತ್ತು?"

ಹೇಳಿದೆ. ಬಿಗಿಯಾಗಿದ್ದು, ಅವಳು ಅಂದದ್ದು, ಬೀಗಿತ್ತಿ ನಕ್ಕಿದ್ದು, ಶಾಲು ಹೊದ್ದಿದ್ದು, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. "ಹಾಗಂದ್ನಾ ನಾನು? ಬೀಗರ ಎದುರಿಗೆ?" ಎಂದಳು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ಯೋಚನೆ ಮಾಡಿ, "ಆದ್ರೂ, ನಾನು ಹಾಗೆ ಅಂದಿದ್ರೆ, ನೀನು ಊದೇ ಇರ್ತೀಯ. ನನ್ನ ಟೇಪು ಸುಳ್ಳು ಹೇಳಲ್ಲ" ಎಂದಳು.

ಶುರುವಾಯಿತು ನೋಡಿ. ಎರಡು ವರ್ಷದ ಹಿಂದೆ ಆಡದೇ ಬಿಟ್ಟ ಜಗಳವನ್ನು ಆವತ್ತು ಪೂರ್ತಿ ಆಡಿದೆವು. ಅಂಗಡಿಯೊಳಗೆ ಜಾಗ ಸಾಲದೆ ಬೀದಿಗೆ ಇಳಿದೆವು. ಬ್ಲೌಸಿನಿಂದ ಹೊರಟು, ಅವಳು ನನ್ನ ಚಿನ್ನದ ಪಿನ್ನು ಕಳೆದದ್ದು, ನಾನು ಅವಳ ಮನೆಯ ಗೃಹಪ್ರವೇಶಕ್ಕೆ ತಡವಾಗಿ ಹೋದದ್ದು, ಅವಳ ಅತ್ತೆ ನನ್ನ ಕಾಫಿಯನ್ನು ಕಷಾಯ ಎಂದದ್ದು, ಎಲ್ಲವೂ ಬಂದವು. ಶೆಟ್ಟರು ಗೋಣಿ ಸರಿಸಿ ನೋಡಿದರು. ಗೌಡರು ಹ್ಯಾಂಗ್ ಆಗಿರಲಿಲ್ಲ, ಆದರೂ ಬನ್ನು ಹಿಡಿದು ಹಾಗೇ ನಿಂತಿದ್ದರು. ಮಧ್ಯೆ ಬಾಯಿ ಹಾಕಲು ಬಂದ ಗಿರಿಜಾಂಬ ಮೇಡಂಗೆ ಇಬ್ಬರೂ ಒಟ್ಟಿಗೆ "ನೀವು ಸುಮ್ನಿರಿ" ಎಂದೆವು. ಕೊನೆಗೆ ಉಸಿರು ಸಾಲದೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು.

"ಇಷ್ಟನ್ನೂ ಎರಡು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಾ?" ಎಂದಳು.

"ನೀನೂ ಇಟ್ಕೊಂಡಿದ್ದೆ."

"ನನಗೇನು ಗೊತ್ತು? ನಾನಿರ್ಲಿಲ್ವಲ್ಲ!"

ಅದು ಅವಳ ಬಾಯಿಂದ ಬಿದ್ದ ರೀತಿಗೆ ನನಗೆ ನಗು ಬಂತು. ಅವಳಿಗೂ ಬಂತು. ಒಬ್ಬರನ್ನು ನೋಡಿ ಒಬ್ಬರು ಪಕ್ಕೆ ಹಿಡಿದುಕೊಂಡು ನಕ್ಕೆವು. ನಗು ಇಳಿದ ಮೇಲೆ ಅವಳು ನನ್ನ ಮೊಣಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ, "ಮಂಗಳಾ, ಇಳಾ ಹುಟ್ಟಿದಾಗ ಹೇಗಿತ್ತೇ? ಇವರನ್ನ ಕೇಳಿದ್ರೆ ಅಳ್ತಾರೆ, ಹೇಳಲ್ಲ. ನೀನು ಹೇಳು" ಎಂದಳು.

ನಾನು ತಲೆ ತಗ್ಗಿಸಿದೆ. ಆಸ್ಪತ್ರೆಗೆ ನಾನು ಹೋಗಿರಲಿಲ್ಲ. ನಾಮಕರಣಕ್ಕೆ ಕರೆದಿದ್ದರು, ಹೋಗಿರಲಿಲ್ಲ. ಆ ಮಗುವಿನ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಗೋಡೆಯ ಆಚೆಯಿಂದ ಅಳು ಕೇಳಿ ಬಂದಾಗ ಬೀಜ ಪುಡಿ ಮಾಡುವ ಮಿಷನ್ನು ಹಾಕಿಬಿಡುತ್ತಿದ್ದೆ. "ನನಗೂ ಗೊತ್ತಿಲ್ಲ ಕಣೇ" ಎಂದೆ. ಅವಳು ಬೈಯಲಿಲ್ಲ. "ಭಾನುವಾರ ರೋಹಿಣಿ ಕರ್ಕೊಂಡು ಬರ್ತಾಳಂತೆ" ಎಂದಳು. "ನನಗೆ ಒಬ್ಬಳಿಗೇ ಹೆದರಿಕೆ. ನೀನೂ ಬಾ."

ಭಾನುವಾರ ಅವಳ ಮನೆಗೆ ಹೋದಾಗ ಅವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಹೆಣ್ಣು ತೋರಿಸಲು ನಿಲ್ಲಿಸಿದವರ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಆಟೋದಿಂದ ರೋಹಿಣಿ ಇಳಿದಳು, ಮಗುವನ್ನು ಇಳಿಸಿದಳು. ಈಗಷ್ಟೇ ನೆಟ್ಟಗೆ ನಡೆಯಲು ಕಲಿತ ಮಗು. ತುಳಸಾಬಾಯಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟಳು. "ಯಾರ ಥರ ಇದಾಳೇ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಮಗು ನನ್ನನ್ನು ಒಮ್ಮೆ ನೋಡಿ, ಇವಳು ಯಾರೋ ಎಂದು ಬಿಟ್ಟು, ನೇರವಾಗಿ ಅವಳ ಹತ್ತಿರ ಹೋಗಿ ಸೀರೆಯ ನೆರಿಗೆ ಹಿಡಿದು ಎಳೆಯಿತು. ಎತ್ತಿಕೊಳ್ಳುವವರೆಗೂ ಎಳೆಯಿತು. ಎತ್ತಿಕೊಂಡ ಕೂಡಲೇ ಅವಳ ಸೊಂಟದ ಹತ್ತಿರ ಕೈ ಹಾಕಿ ಏನನ್ನೋ ಹುಡುಕಿತು. ಸಿಗಲಿಲ್ಲ. ಇನ್ನೊಂದು ಕಡೆ ಹುಡುಕಿತು.

"ಏನು ಬೇಕಂತೆ ಇದಕ್ಕೆ?" ಎಂದಳು ತುಳಸಾಬಾಯಿ ಗಾಬರಿಯಿಂದ.

"ಕಲ್ಲುಸಕ್ಕರೆ ಅಮ್ಮಾ" ಎಂದಳು ರೋಹಿಣಿ. "ನಾನು ಬೇಡ ಅಂದ್ರೂ ನೀನು ಸೆರಗಿನ ತುದೀಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸ್ಕೊಂಡಿರ್ತಿದ್ದೆ. ಅವಳಿಗೆ ಗೊತ್ತು."

ಮಗು ಅಜ್ಜಿಯ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಯಾರಿಗೂ ಅರ್ಥವಾಗದ ತನ್ನ ಭಾಷೆಯಲ್ಲಿ, ಹುಬ್ಬು ಗಂಟು ಹಾಕಿ, ಒಂದೇ ಸಮನೆ ಗದರಿಸತೊಡಗಿತು. ವಿಠೋಬರಾಯರು ಡಬ್ಬಿ ಹುಡುಕಲು ಅಡುಗೆಮನೆಗೆ ಓಡಿದರು. ತುಳಸಾಬಾಯಿ ಆ ಬೈಗುಳವನ್ನು ತಲೆಯಾಡಿಸುತ್ತ, ಹೂಂಗುಟ್ಟುತ್ತ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೊಳೆಯುವ ಕಣ್ಣುಗಳಿಂದ ನನ್ನ ಕಡೆ ತಿರುಗಿ ಹೇಳಿದಳು:

"ನೋಡೇ ಮಂಗಳಾ, ಇವಳಿಗೆ ನಾನು ಚೆನ್ನಾಗಿ ಗೊತ್ತು."